ಮಕ್ಕಳ ಕೈಗೆ ಯಂತ್ರ ಕೊಡಿರಿ

ಶಾಲೆಯಲ್ಲಿ ರೋಬೋ ಮಾಡುತ್ತಿದ್ದೇವೆಂದು ಮಕ್ಕಳು ಹೇಳಿದರೆ, ಓದು ಬಿಟ್ಟು ಇದೇನು ಆಟವೆಂದು ರೈತ ಬಾಂಧವರು ಕೇಳುವುದುಂಟು. ರೋಬೋ ಎಂದರೆ ಮನುಷ್ಯಾಕಾರದ ಗೊಂಬೆಯೇ ಆಗಬೇಕಾಗಿಲ್ಲ. ಸುತ್ತಲಿನ ಸ್ಥಿತಿಯನ್ನು ಅಳೆದು, ಮೊದಲೇ ಬರೆದುಕೊಟ್ಟ ಅಪ್ಪಣೆಯಂತೆ ತಾನಾಗಿ ಕೆಲಸ ಮಾಡುವ ಯಂತ್ರವೂ ಅದೇ ಜಾತಿಯದು.

ಹೂಕುಂಡದ ಮಣ್ಣು ಒಣಗಿದಾಗ ತಾನೇ ನೀರು ಬಿಡುವ ಯಂತ್ರವನ್ನು ನೋಡಿರಿ. ಇದಕ್ಕೆ ಬೇಕಾದುದು ಮಣ್ಣಿಗೆ ಚುಚ್ಚುವ ಎರಡು ಲೋಹದ ಕಡ್ಡಿ, ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡು, ಪುಟ್ಟ ಪಂಪು. ಹಸಿಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಒಣಮಣ್ಣಿನಲ್ಲಿ ಕಷ್ಟದಿಂದ. ಈ ವ್ಯತ್ಯಾಸವನ್ನು ಬೋರ್ಡು ಅಂಕಿಯಾಗಿ ತಿಳಿಸುತ್ತದೆ. ಯಾವ ಅಂಕಿಗೆ ಪಂಪು ಓಡಬೇಕು, ಯಾವುದಕ್ಕೆ ನಿಲ್ಲಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಿ ಕಂಪ್ಯೂಟರಿನಲ್ಲಿ ಬರೆಯಬೇಕು.

ನಿಜವಾದ ಪಾಠ ಆರಂಭವಾಗುವುದು ಯಂತ್ರ ಹೇಳಿದಂತೆ ಕೇಳದಿದ್ದಾಗ. ರಸಗೊಬ್ಬರ ಹಾಕಿದ ಮಣ್ಣಿನಲ್ಲಿ ಲವಣ ಹೆಚ್ಚಿ, ತೇವ ಕಡಮೆಯಿದ್ದರೂ ಅಂಕಿಯು ಹಸಿಯೆಂದೇ ತೋರೀತು. ದಿನಗಳೆದಂತೆ ಕಡ್ಡಿಯೇ ಸವೆದು ತಪ್ಪು ಲೆಕ್ಕ ಕೊಡುವುದು. ಹೀಗೇಕಾಯಿತೆಂದು ಹುಡುಕುವ ಮಗುವಿಗೆ ವಿದ್ಯುತ್ತು, ಲವಣ, ಲೋಹ ಇವು ಬರಿಯ ಪುಸ್ತಕದ ಮಾತಾಗಿ ಉಳಿಯವು. ಇಲ್ಲಿ ತಮ್ಮ ಅನುಭವವೂ ಬೇಕು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಉಂಡೆ ನಿಂತೀತೋ ಪುಡಿಯಾದೀತೋ ಎಂದು ನೋಡಿ ಹದ ಹೇಳುವವರು ತಾವು. ಅದೇ ಮಣ್ಣಿಗೆ ಮಗುವಿನ ಕಡ್ಡಿಯನ್ನೂ ಚುಚ್ಚಿಸಿ ಹೋಲಿಸಿ ನೋಡಿರಿ. ಎರೆಮಣ್ಣಿಗೆ ಹೊಂದಿಸಿದ ಅಂಕಿ ಕೆಂಪುಮಣ್ಣಿಗೆ ಹೊಂದದಿರುವುದೂ ಆಗ ತಿಳಿಯುವುದು.

ಇಂಥ ಕಲಿಕೆಗಾಗಿ ನೀತಿ ಆಯೋಗವು 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯನ್ನು ಹೊರಡಿಸಿತು. 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು. ಸರಕಾರಿ ಶಾಲೆಗಳಲ್ಲಿ ಐದು ವರ್ಷಗಳೊಳಗೆ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ ಕೇಂದ್ರ ಸರಕಾರವು 2025ರ ಆಯವ್ಯಯದಲ್ಲಿ ಸಾರಿದೆ. ಆದರೆ ಸಾಮಾನು ಕೆಟ್ಟೀತೆಂದು ಬೀರುವಿಗೆ ಬೀಗ ಹಾಕಿ, ಅತಿಥಿಗಳು ಬಂದಾಗ ಮಾತ್ರ ತೆಗೆದರೆ ಬಂದ ಫಲವೇನು? ವಾರಕ್ಕೆಷ್ಟು ಗಂಟೆ ಲ್ಯಾಬ್ ತೆರೆದಿರುತ್ತದೆ, ಹುಡುಗರು ಸ್ಕ್ರೂ ತಿರುಗಿಸುವಾಗ ಹೆಣ್ಣುಮಕ್ಕಳು ಬರಿದೆ ಬರೆದುಕೊಳ್ಳುತ್ತ ಕೂರುವರೇ ಎಂಬುದನ್ನು ಶಾಲಾಭಿವೃದ್ಧಿ ಸಮಿತಿಯವರು ವಿಚಾರಿಸತಕ್ಕದ್ದು.

ಲ್ಯಾಬ್ ಇಲ್ಲದ ಊರಿನಲ್ಲಿ ಮುರಿದ ಆಟಿಕೆಯ ಮೋಟಾರು, ಟಾರ್ಚಿನ ಶೆಲ್ಲು, ಎರಡು ಮೊಳ ತಂತಿ ಇವಿಷ್ಟರಿಂದಲೇ ಮೊದಲುಮಾಡಬಹುದು. ಮಕ್ಕಳು ಕೆಲಸ ಮಾಡುವುದು ಶೆಲ್ಲಿನ ಕರೆಂಟಿನಲ್ಲಿ ಮಾತ್ರ. ಮನೆಯ ಪ್ಲಗ್ಗಿಗಾಗಲಿ ಪಂಪ್‌ಸೆಟ್ಟಿನ ಸ್ಟಾರ್ಟರಿಗಾಗಲಿ ತಂತಿ ಜೋಡಿಸಲು ಅವರನ್ನು ಬಿಡಕೂಡದು.