ಕುಬಸ ಅಂದ್ರ ಬಟ್ಟೆನಾ, ಕಾರ್ಯಾನಾ?

ಇವತ್ತು ಒಂದೇ ಒಂದು ಪದದ ಕಥಿ: ಕುಬಸ.

ನಮ್ಮ ಸಗರನಾಡಿನಲ್ಲಿ, ಶಹಾಪುರ, ಸುರಪುರ ಕಡೆ ಕುಬಸ ಅಂದ ಕೂಡಲೇ ನೆನಪಾಗೋದು ಬಸುರಿ ಹೆಣ್ಣುಮಗಳಿಗೆ ಮಾಡುವ ಕಾರ್ಯ. ಮೈಸೂರು ಕಡೆ ಇದಕ್ಕೆ ಸೀಮಂತ ಅಂತಾರ. ಆದ್ರ ಕುಬಸ ಪದದ ಅಸಲಿ ಅರ್ಥ ಕಾರ್ಯ ಅಲ್ಲ, ಬಟ್ಟೆ. ಸೀರೆ ಜೊತೆ ತೊಡುವ ರವಿಕೆಯೇ ಕುಬಸ.

ಇದರ ಹಿಂದಿನ ರೂಪ ಕುಪ್ಪಸ. ಅದಕ್ಕೂ ಹಿಂದಕ್ಕೆ ಹೋದ್ರ ಸಂಸ್ಕೃತದ ಕೂರ್ಪಾಸ ಸಿಗ್ತದ. ಕರ್ಪೂರ ಹಳಗನ್ನಡದಲ್ಲಿ ಕಪ್ಪುರ ಆಯ್ತಲ್ಲ, ಹಂಗೇ ಇಲ್ಲೂ 'ರ್ಪ' ಹೋಗಿ 'ಪ್ಪ' ಬಂತು. ಆಮೇಲೆ ಬಾಯಿಂದ ಬಾಯಿಗೆ ಸವೆದು ಕುಬುಸ, ಕುಬಸ ಆಯ್ತು.

ಸಂಸ್ಕೃತದ ಹಳೆಯ ನಿಘಂಟು ಅಮರಕೋಶದಲ್ಲಿ ಈ ಉಡುಪಿಗೆ ಎರಡು ಹೆಸರು ಅಕ್ಕಪಕ್ಕ ಅವ: ಚೋಲ, ಕೂರ್ಪಾಸಕ. ಮೊದಲನೆಯದರ ಮನೆತನದ್ದೇ ಹಿಂದಿಯ ಚೋಲಿ. ಎರಡನೆಯದು ನಮ್ಮ ಕುಬಸ. ಕೇರಳಕ್ಕೆ ಹೋದ್ರ ಇದೇ ಬಳಗದ ಕುಪ್ಪಾಯಂ ಸಿಗ್ತದ. ಅಲ್ಲಿ ಅದಕ್ಕೆ ಅಂಗಿ ಅಂತ ಅರ್ಥ, ಗಂಡಸರದ್ದೂ ಕುಪ್ಪಾಯಂ.

ಹಂಗಾದ್ರ ಬಟ್ಟೆಯ ಹೆಸರು ಕಾರ್ಯಕ್ಕೆ ಯಾಕೆ ಬಂತು? ಆ ದಿನ ತವರಿನವರು ಹಸಿರು ಸೀರೆ, ಕುಬಸ, ಹಸಿರು ಬಳೆ ತಂದು ಮಗಳಿಗೆ ಉಡಿ ತುಂಬ್ತಾರ. ಕೊಡುವ ವಸ್ತುವಿನ ಹೆಸರೇ ಕಾರ್ಯದ ಹೆಸರಾಯ್ತು. ಸೀರೆ ಬಿಟ್ಟು ಕುಬಸವೇ ಯಾಕೆ ಅಂದ್ರ, ನನಗನಿಸೋದು ಇಷ್ಟು: ಸೀರೆಯನ್ನು ಸಡಿಲ ಮಾಡಿ ಉಡಬಹುದು. ಬಸುರಿಗೆ ಮೊದಲು ಬಿಗಿಯಾಗೋದು ಕುಬಸ. ಹೊಸದು ಬೇಕಾಗೋದು ಅದೇ.

ಈಗ ನೋಡ್ರಿ, ಟೇಲರ್ ಅಂಗಡಿಯಲ್ಲಿ ಈ ಪದ ಹೆಚ್ಚು ಕೇಳಿಸಲ್ಲ. ಹಿರಿಯರು ಜಂಪರ್ ಅಂತಾರ, ನಾವು ಬ್ಲೌಸ್ ಅಂತೀವಿ. ಎರಡೂ ಇಂಗ್ಲಿಷಿನಿಂದ ಬಂದವು. ಮೈಮೇಲಿನ ಬಟ್ಟೆಗೆ ಹೊಸ ಹೆಸರು ಬಂತು, ಹಳೆ ಹೆಸರು ಕಾರ್ಯದಲ್ಲಿ ಉಳೀತು. ಕಾರ್ಯಗಳೇ ಹಂಗ, ದಿನಬಳಕೆ ಬಿಟ್ಟ ಪದಗಳನ್ನು ಜೋಪಾನ ಮಾಡಿ ಇಡ್ತಾವ.

ಆದ್ರ ಆ ಜಾಗಕ್ಕೂ ಈಗ 'ಬೇಬಿ ಶವರ್' ಬಂದದ. ಕಾರ್ಡಿನಲ್ಲಿ, ಬ್ಯಾನರಿನಲ್ಲಿ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಅದೇ. ಇಲ್ಲಿಂದಲೂ ಹೊರಬಿದ್ದರೆ ಕುಬಸಕ್ಕೆ ಹೋಗಲು ಬೇರೆ ಮನೆ ಇಲ್ಲ.

ಮನೆಯಲ್ಲಿ ಆಮಂತ್ರಣ ಟೈಪ್ ಮಾಡೋದು ಹೆಚ್ಚಾಗಿ ನಾವೇ, ಫೋನ್ ಹಿಡಿದವರು. ಮುಂದಿನ ಸಲ ಅಕ್ಕನಿಗೋ ಅತ್ತಿಗೆಗೋ ಕಾರ್ಡ್ ಮಾಡುವಾಗ ಮೇಲೆ ದೊಡ್ಡದಾಗಿ 'ಕುಬಸ' ಅಂತ ಬರೀರಿ. ಹಂಗಂದ್ರೇನು ಅಂತ ಯಾರಾದ್ರೂ ಕೇಳಿದ್ರ, ಹೇಳಲಿಕ್ಕೆ ಈಗ ನಿಮಗ ಗೊತ್ತದ.