ತಪ್ಪು ಉತ್ತರದೊಳಗೆ ಏನಿದೆ?

52ರಲ್ಲಿ 27 ಕಳೆದರೆ? ಮಗು ಸ್ಲೇಟಿನಲ್ಲಿ 35 ಎಂದು ಬರೆಯಿತು. ತಪ್ಪು! ಆದರೆ ಹೇಗೆ ಬಂತು ಅಂತ ಕೇಳಿ ನೋಡಿ. "ಏಳರಲ್ಲಿ ಎರಡು ಹೋದರೆ ಐದು" ಅನ್ನುತ್ತೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಅಂದುಕೊಂಡಿದೆ. ಈಗ ಮೇಷ್ಟ್ರಿಗೆ ದಾರಿ ಗೊತ್ತಾಯಿತು: ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿ ತೋರಿಸಬೇಕು.

ಇದೇ ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ). ಮಗು ಕಲಿಯುತ್ತಿರುವಾಗಲೇ ಅದರ ಯೋಚನೆ ತಿಳಿದು, ಮುಂದಿನ ಪಾಠ ತಿದ್ದಿಕೊಳ್ಳುವುದು. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ ಇವೆ. ಅವು ಬರೀ ಅಂಕ ತುಂಬುವ ಕೆಲಸವಾದರೆ ಉದ್ದೇಶವೇ ಹಾಳಾಗುತ್ತೆ.

1998ರಲ್ಲಿ ಶಿಕ್ಷಣ ಸಂಶೋಧಕರಾದ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ನೂರಾರು ಅಧ್ಯಯನ ಪರಿಶೀಲಿಸಿದರು. ಇಂಥ ಮೌಲ್ಯಮಾಪನದಿಂದ ಕಲಿಕೆ ಸುಧಾರಿಸುತ್ತೆ, ಹಿಂದುಳಿದ ಮಕ್ಕಳಿಗೆ ಹೆಚ್ಚು ಅನುಕೂಲ ಎಂದರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಸಣ್ಣ ಶಾಲೆಗಳಲ್ಲಿ ಈ ಕೆಲಸ ಸುಲಭವಲ್ಲ. ನಲಿ-ಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ. ಆದರೆ ಮಕ್ಕಳು ಕಡಿಮೆ ಇರುವಲ್ಲಿ ಪ್ರತಿಯೊಬ್ಬರ ಪಕ್ಕ ಕೂತು ಕೇಳಬಹುದು.

ಹೀಗೆ ಕೇಳಿ, ಬರೆದಿಟ್ಟು, ಮರುದಿನ ಬೇರೆ ರೀತಿ ಕಲಿಸಿ ನೋಡುವ ಶಿಕ್ಷಕರು ತಮ್ಮ ತರಗತಿಯ ಸಂಶೋಧಕರೇ. ಮೇಷ್ಟ್ರೇ, ಟೀಚರೇ, ನಿಮ್ಮ ಟಿಪ್ಪಣಿಗಳನ್ನು ಕ್ಲಸ್ಟರಿನ ಸಮಾಲೋಚನಾ ಸಭೆಗೆ ತನ್ನಿ. ಪಕ್ಕದ ಶಾಲೆಯ ಮಕ್ಕಳಿಗೂ ಉಪಯೋಗವಾಗಲಿ.