ಕಾರ್ಟೂನಿಗೂ ಧ್ವನ್ಯರ್ಥವಿದೆಯೆ?

'ಆಂಟಿ, ವೆಲ್ಮಾಗೆ ಹುಡುಗೀರು ಇಷ್ಟ ಅಂತ ನಮಗೆ ಮೊದಲೇ ಗೊತ್ತಿತ್ತು' ಎಂದಳು ಜಯನಗರದ ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗಿ. ಅವಳ ಅಮ್ಮ ಕಾಫಿ ಲೋಟ ಕೆಳಗಿಟ್ಟು ಟಿ.ವಿ.ಯ ಸದ್ದು ತಗ್ಗಿಸಿದರು. 'ಮಕ್ಕಳ ಕಾರ್ಟೂನಿನಲ್ಲೂ ಅದನ್ನೇ ಹುಡುಕ್ತೀಯಲ್ಲೇ!'

ಹುಡುಕಿದವರನ್ನು ಬೈಯುವ ಮೊದಲು ಬಚ್ಚಿಟ್ಟವರು ಯಾರೆಂದು ಕೇಳಬೇಕು. ಬಗ್ಸ್ ಬನ್ನಿ ಚಿತ್ರಗಳು ಮೊದಲು ತಯಾರಾದದ್ದು ಅಮೆರಿಕದ ಚಿತ್ರಮಂದಿರಗಳಿಗೆ. ಅಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ 'ಹೇಸ್ ಕೋಡ್' ಎಂಬ ನೀತಿಸಂಹಿತೆ, 1961ರಲ್ಲಿ ತುಸು ಸಡಿಲವಾಗುವವರೆಗೆ, ಸಲಿಂಗಪ್ರೇಮದ ಸುಳಿವನ್ನೂ ತೆರೆಗೆ ಬಿಡಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದು ನಡಿಗೆಯಲ್ಲಿ, ಉಡುಪಿನಲ್ಲಿ ಇಣುಕಿತು. ಆನಂದವರ್ಧನ ಇದನ್ನು ಧ್ವನಿ ಎನ್ನುತ್ತಿದ್ದನೋ ಏನೋ. ಕೇಳಿಸಿಕೊಳ್ಳಲು ಸಹೃದಯರಂತೂ ಬೇಕು.

ಹಾಗೆಂದು ಕಂಡದ್ದೆಲ್ಲ ಧ್ವನಿಯಲ್ಲ. 1957ರ 'ವಾಟ್ಸ್ ಒಪೆರಾ, ಡಾಕ್?'ನಲ್ಲಿ ಬಗ್ಸ್ ಬನ್ನಿ ಹೆಣ್ಣುವೇಷ ತೊಟ್ಟು, ಕೊಲ್ಲಲು ಬಂದ ಎಲ್ಮರನನ್ನೇ ಮರುಳು ಮಾಡುತ್ತದೆ. ಯಕ್ಷಗಾನದ ಸ್ತ್ರೀವೇಷ ಕಂಡ ನಮ್ಮ ಅಜ್ಜಂದಿರು ಇದಕ್ಕೆ ಬೆರಗಾಗುತ್ತಿರಲಿಲ್ಲ. ಸೀರೆ ಉಟ್ಟ ಮಾತ್ರಕ್ಕೆ ಯಾರೂ ಸಲಿಂಗಿಯಾಗುವುದಿಲ್ಲ. ಕೀಚಕನನ್ನು ಮುಗಿಸಲು ನಮ್ಮ ಭೀಮನೂ ಉಟ್ಟಿದ್ದ!

ಹನ್ನಾ-ಬಾರ್ಬೆರಾ ಸಂಸ್ಥೆಯ ಸ್ನ್ಯಾಗಲ್‌ಪಸ್ ಎಂಬ ಸಿಂಹದ ಮಾತು ಬೇರೆ. ಗುಲಾಬಿ ಮೈ, ಕೊರಳಿಗೊಂದು ಬೋ, ಮಾತುಮಾತಿಗೂ ನಾಟಕದ ಒಯ್ಯಾರ. 2018ರಲ್ಲಿ ಡಿ.ಸಿ. ಕಾಮಿಕ್ಸ್ ಅವನನ್ನು 1950ರ ದಶಕದ ಸಲಿಂಗಿ ನಾಟಕಕಾರನನ್ನಾಗಿಯೇ ಚಿತ್ರಿಸಿತು. 1969ರಲ್ಲಿ ಶುರುವಾದ ಸ್ಕೂಬಿ-ಡೂವಿನ ಕನ್ನಡಕದ ಜಾಣೆ ವೆಲ್ಮಾ ಇನ್ನೂ ಕಾಯಬೇಕಾಯಿತು. 2002ರ ಸಿನಿಮಾಕ್ಕೆ ತಾನು ಬರೆದ ಮೊದಲ ಚಿತ್ರಕಥೆಯಲ್ಲಿ ಅವಳು ಸಲಿಂಗಿಯೇ ಆಗಿದ್ದಳು, ಸ್ಟುಡಿಯೊದವರು ಅದನ್ನು ತೆಳುವಾಗಿಸುತ್ತ ಹೋದರು ಎಂದು ಜೇಮ್ಸ್ ಗನ್ 2020ರಲ್ಲಿ ಹೇಳಿಕೊಂಡರು. ಕೊನೆಗೆ 2022ರ 'ಟ್ರಿಕ್ ಆರ್ ಟ್ರೀಟ್ ಸ್ಕೂಬಿ-ಡೂ!'ನಲ್ಲಿ ಕೋಕೊ ಡಯಾಬ್ಲೊ ಎಂಬಾಕೆಯನ್ನು ಕಂಡು ವೆಲ್ಮಾಳ ಕೆನ್ನೆ ಕೆಂಪಾಯಿತು, ಕನ್ನಡಕ ಮಂಜಾಯಿತು. ಇಷ್ಟು ವರ್ಷ ನೋಡುಗರು ಊಹಿಸಿದ್ದು ಸುಳ್ಳಾಗಲಿಲ್ಲ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಜೆ.ಪಿ. ನಗರ, ಬನಶಂಕರಿಯ ಕೇಬಲ್ ಮನೆಗಳಲ್ಲಿ ಶಾಲೆಯಿಂದ ಬಂದ ಮಕ್ಕಳು ಬ್ಯಾಗು ಎಸೆದು ಕೂರುತ್ತಿದ್ದುದು ಇದರ ಮುಂದೆಯೇ. ಬೆಂಗಳೂರಿನ ಸಲಿಂಗಿಗಳು ತಮ್ಮತಮ್ಮಲ್ಲಿ ಕೂತು ಮಾತನಾಡುವ 'ಗುಡ್ ಆ್ಯಸ್ ಯು' ಗುಂಪು ಅದಕ್ಕೆ ಒಂದು ವರ್ಷ ಮೊದಲೇ ಶುರುವಾಗಿತ್ತು. ಅದು ದೊಡ್ಡವರ ಮಾತು. ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಪಾಠದಲ್ಲಾಗಲಿ ಮನೆಮಾತಿನಲ್ಲಾಗಲಿ ತನ್ನಂಥವರನ್ನು ಕಾಣದೆ ಬೆಳೆದ ಹುಡುಗನೊಬ್ಬನಿಗೆ ಆ ಗುಲಾಬಿ ಸಿಂಹ ನೆಂಟನಂತೆ ಕಂಡಿದ್ದರೆ ನಗುವಂಥದ್ದೇನೂ ಇಲ್ಲ.

ಸದ್ದು ತಗ್ಗಿಸಿದ ಅಮ್ಮ ಟಿ.ವಿ. ಆರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊದಲೇ ಗೊತ್ತಿತ್ತು ಅಂದೆಯಲ್ಲ, ಹೇಗೆ ಗೊತ್ತಾಯ್ತು?' ಎಂದರು. ಹುಡುಗಿ ಕಾಲು ಮಡಚಿ ಕೂತು ಹೇಳತೊಡಗಿದಳು. ನಾನು ಎದ್ದು ನಮ್ಮ ಮನೆಗೆ ಬಂದೆ.